ಹೆಸರು ಕೊರೆದ ತಂಬಿಗೆ

ಊರಿನ ಹಳೆಯ ಮನೆ ಖಾಲಿ ಮಾಡಲು ಬಂದವರ ಕೈ ಅಟ್ಟದ ಮೇಲಿನ ಹಿತ್ತಾಳೆ ತಂಬಿಗೆಯ ಹತ್ತಿರ ತಡೆಯುತ್ತದೆ. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಜ್ಜಿಯ ಹೆಸರು, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅರ್ಧ ಅಳಿಸಿದೆ. ಇದನ್ನು ಗುಜರಿಗೆ ಹಾಕುವುದು ತ್ಯಾಗವೇ, ಇಟ್ಟುಕೊಳ್ಳುವುದು ಮೋಹವೇ? ಅಪರಿಗ್ರಹವನ್ನು, ಅಂದರೆ ಕೂಡಿಡದಿರುವುದನ್ನು, ಜೈನರು 5 ವ್ರತಗಳಲ್ಲಿ ಒಂದಾಗಿ, ಪತಂಜಲಿ 5 ಯಮಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಎರಡೂ ಕಡೆ ಮಾತಿರುವುದು ಕೂಡಿಡುವ ಮನಸ್ಸಿನ ಕುರಿತು. ವಸ್ತುವನ್ನು ತಾತ್ಸಾರ ಮಾಡಿ ಎಂದು ಅದರ ಅರ್ಥವಲ್ಲ. ನಮ್ಮ ಆಚರಣೆಯೇ ಇದಕ್ಕೆ ಸಾಕ್ಷಿ: ಗೌರಿ-ಗಣೇಶರ ಮಣ್ಣಿನ ಮೂರ್ತಿಯನ್ನು ನಾವು ಎಸೆಯುವುದಿಲ್ಲ, ಮಂಗಳಾರತಿ ಮಾಡಿ ನೀರಿಗೆ ಬಿಡುತ್ತೇವೆ. ಬಿಡುವುದಕ್ಕೂ ಒಂದು ಕ್ರಮವಿದೆ. ಒಂದೇ ಮಧ್ಯಾಹ್ನದಲ್ಲಿ ಟೆಂಪೊ ತುಂಬಿಸಿ ಕಳಿಸುವುದು ಬರೀ ಅವಸರ. ಅದನ್ನು ವೈರಾಗ್ಯವೆಂದು ಕರೆಯಲಾರೆ.

ಜಡವಸ್ತುವಿಗೆ ಇಷ್ಟೆಲ್ಲ ಏಕೆ, ಸತ್ತವರಿಗೇನು ತಿಳಿಯುತ್ತದೆ ಎಂದು ಕೇಳಬಹುದು. ನಿಜ, ತಂಬಿಗೆಗೆ ನೋವಾಗದು. 12ನೇ ಶತಮಾನದ ಶರಣರೂ ನಿಂತಲ್ಲೇ ನಿಲ್ಲುವ ಸ್ಥಾವರಕ್ಕಿಂತ ಚಲಿಸುವ ಜಂಗಮವನ್ನೇ ದೊಡ್ಡದೆಂದರು. ಆ ಮಾತನ್ನು ಹಳೆಯದನ್ನೆಲ್ಲ ಕೆಡವಲು ಸಿಕ್ಕ ಒಪ್ಪಿಗೆ ಎಂದು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ: ಬಾಯಾರಿದವರಿಗೆ ನೀರು ಕೊಟ್ಟ ತಂಬಿಗೆ ಇನ್ನೊಂದು ಮನೆಯಲ್ಲಿ ನೀರು ಕೊಡುತ್ತಿದ್ದರೆ ಅದು ಜಂಗಮ, ಬೆಂಗಳೂರಿನ ಶೋಕೇಸಿನಲ್ಲಿ ಹೊಳೆಯುತ್ತ ಕೂತರೆ ಅದೂ ಸ್ಥಾವರವೇ. ನಮ್ಮ ಋಣ ಲೋಹದ್ದಲ್ಲ, ಅದರಲ್ಲಿ ನೀರು ಕೊಟ್ಟ ಕೈಯದು. ಆದ್ದರಿಂದ ಕೊನೆಯ ಬೀಗ ಹಾಕುವ ಮುನ್ನ ನೆರೆಮನೆಯವರನ್ನು, ಆ ಮನೆಯಲ್ಲಿ ದುಡಿದವರನ್ನು ಕರೆಯಿರಿ. ಯಾರಿಗೆ ಏನು ಬೇಕೆಂದು ಕೇಳಿ, ಕೈಯಾರೆ ಕೊಡಿ.