ವಾಹನವೂ ಬಾಗಿಲೂ

ದೊಡ್ಡ ವಾಹನವು ಸಣ್ಣ ಬಾಗಿಲಿನ ಮುಂದೆ ಬಂದು ನಿಂತಾಗ ಯಾರು ಯಾರಿಗೆ ಎಡೆಗೊಡಬೇಕು? ಮೇಲುನೋಟಕ್ಕೆ ಈ ಪ್ರಶ್ನೆಯು ಬಡಿಗನಿಗೂ ಗೌಂಡಿಗೂ ಸೇರಿದ್ದೆಂದು ತೋರುವದು; ವಿಚಾರಿಸಿ ನೋಡಿದರೆ ಅದು ಧರ್ಮದ ಪ್ರಶ್ನೆಯೇ ಆಗಿದೆ. ಬಾದಾಮಿ, ಹುನಗುಂದ, ಇಳಕಲ್ಲುಗಳ ಹಳೆಯ ಓಣಿಗಳಲ್ಲಿ ವಾಸಿಸುವವರಿಗೆ ಇದು ಹೊಸದಲ್ಲ.

ಈ ಓಣಿಗಳು ಚಕ್ಕಡಿಯ ಕಾಲದವು. 1983ರಲ್ಲಿ ಬಂದ ಮಾರುತಿ 800 ಕಾರಿನ ಅಗಲವು ಸುಮಾರು 1.4 ಮೀಟರು, ಇಂದಿನ ದೊಡ್ಡ ಕಾರುಗಳಾದರೋ, ಪಕ್ಕದ ಕನ್ನಡಿಗಳನ್ನು ಬಿಟ್ಟೇ, 1.8 ಮೀಟರನ್ನು ಮುಟ್ಟುವವು. ಅಂದಿನ ಅಳತೆಗೆ ಇಟ್ಟ ಗ್ಯಾರೇಜಿನ ಬಾಗಿಲು ಇವಕ್ಕೆ ಸಾಲದು. ಮೇಲಾಗಿ, ನೇರವಾಗಿ ಒಳಹೋಗುವದಕ್ಕೆ ಬೇಕಾದ ಅಗಲವು ಇಕ್ಕಟ್ಟಾದ ಓಣಿಯಿಂದ ಹೊರಳಿ ಹೋಗುವದಕ್ಕೆ ಸಾಕಾಗದು. ತಿರುವಿನಲ್ಲಿ ಹಿಂದಿನ ಗಾಲಿಗಳು ಮುಂದಿನವುಗಳ ಜಾಡು ಹಿಡಿಯದೆ ಒಳಮಗ್ಗುಲಿಗೆ ಸರಿಯುವವು. ಆದಕಾರಣ ಮೂತಿ ಪಾರಾದರೂ ಪಕ್ಕೆಯು ಚೌಕಟ್ಟಿಗೆ ತಾಕುವದು. ಬಲ್ಲವರು ಹಿಮ್ಮುಖವಾಗಿ ಒಳಗೆ ಸೇರಿಸುವದು ಇದಕ್ಕಾಗಿಯೇ.

ಬಾಗಿಲನ್ನೇ ಹಿಗ್ಗಿಸಬಾರದೇಕೆ? ಹಿಗ್ಗಿಸಬಹುದು, ಆದರೆ ಕಲ್ಲುಗೋಡೆಯಲ್ಲಿ ಅದು ಸುಲಭವಲ್ಲ. ಕಲ್ಲು ಒತ್ತುವ ಭಾರವನ್ನು ತಾಳುವದು, ಬಾಗಿಸುವ ಭಾರವನ್ನು ತಾಳದು. ಐಹೊಳೆಯ ಲಾಡಖಾನ ಗುಡಿಯ ಕಂಬಗಳು ಅಷ್ಟು ಒತ್ತಾಗಿ ನಿಂತಿರುವದನ್ನು ಕಂಡವರಿಗೆ ಇದು ತಿಳಿಯದ ಮಾತಲ್ಲ. ಉಕ್ಕಿನ ತೊಲೆಯನ್ನು ಹೊರಿಸಿ ಬಾಗಿಲನ್ನು ದೊಡ್ಡದು ಮಾಡುವವನು ತನ್ನ ಹಣವನ್ನು ವೆಚ್ಚಮಾಡುತ್ತಾನೆ. ಸಣ್ಣ ಕಾರನ್ನು ಕೊಳ್ಳುವವನು ತನ್ನ ಆಶೆಯನ್ನು ಬಾಗಿಸುತ್ತಾನೆ. ಮೂರನೆಯವನು ಇವೆರಡನ್ನೂ ಮಾಡದೆ ಕಾರನ್ನು ಓಣಿಯಲ್ಲಿಯೇ ಬಿಡುತ್ತಾನೆ. ತನ್ನ ಮನೆಯ ಕೊರತೆಯನ್ನು ನೆರೆಯವರ ದಾರಿಯಿಂದ ತುಂಬಿಸಿಕೊಳ್ಳುತ್ತಾನೆ. ತಪ್ಪಿರುವದು ಇಲ್ಲಿ.

ಕಾರು ಬರಿಯ ಭೋಗದ ವಸ್ತುವಲ್ಲ, ನಡುರಾತ್ರಿ ಹೆರಿಗೆಯ ಬೇನೆ ತಿನ್ನುವ ನೆರೆಮನೆಯ ಹೆಣ್ಣುಮಗಳನ್ನು ಬಾಗಲಕೋಟೆಗೆ ಒಯ್ಯುವದೂ ಅದೇ ಎಂದು ಕೆಲವರು ಹೇಳುವರು. ಮಾತು ನಿಜ. ಆದರೆ ಅಂಬ್ಯುಲೆನ್ಸಿಗೂ ಅದೇ ಓಣಿಯೇ ದಾರಿಯಷ್ಟೆ! ಇಳಕಲ್ಲಿನ ನೇಕಾರರ ಮನೆಗಳಲ್ಲಿ ನೂಲೂ ರೇಶಿಮೆಯೂ ಇರುವವು. ಒಂದು ಕಿಡಿ ಬಿದ್ದರೆ ಬೆಂಕಿ ಆರಿಸುವ ಬಂಡಿ ಬಾಗಿಲತನಕ ಬರಬೇಕು. ಒಬ್ಬನ ಅನುಕೂಲವು ಹತ್ತು ಮನೆಗಳ ಆಪತ್ಕಾಲದ ದಾರಿಯನ್ನು ಕಟ್ಟಬಹುದೆ?

ಬೀದಿಯನ್ನೇ ಅಗಲಮಾಡಿದರಾಯಿತೆಂಬ ಉತ್ತರವೂ ಉಂಟು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದ ಮೇಲೆ ನವನಗರವು ಅಗಲವಾದ ಬೀದಿಗಳೊಡನೆ ಎದ್ದಿತು. ಆದರೆ ವಾಹನಗಳೂ ಬೆಳೆಯುತ್ತಲೇ ಇರುವಾಗ ಅಗಲವಾದ ಬೀದಿಯು ಈ ಪ್ರಶ್ನೆಯನ್ನು ಮುಂದಕ್ಕೆ ಹಾಕೀತೇ ಹೊರತು ಬಿಡಿಸಲಾರದು.

ದೊಡ್ಡ ವಾಹನಕ್ಕೆ ದಾರಿ ಬಿಡುವದು ನಮ್ಮ ಸೀಮೆಯವರಿಗೆ ಗೊತ್ತಿಲ್ಲದ್ದಲ್ಲ. ಬನದ ಹುಣ್ಣಿವೆಗೆ ಬಾದಾಮಿಯ ಬಳಿ ಬನಶಂಕರಿಯ ತೇರು ಹೊರಟಾಗ ಸಾವಿರಾರು ಜನ ಸರಿದು ನಿಲ್ಲುವರು. ಯಾರೂ ಅದನ್ನು ಅನ್ಯಾಯವೆನ್ನರು. ಯಾಕಂದರೆ ತೇರು ಎಲ್ಲರದು, ಹಗ್ಗವು ಎಲ್ಲರ ಕೈಯಲ್ಲಿ, ಎಳೆದಾದ ಮೇಲೆ ಅದು ತನ್ನ ನೆಲೆಗೆ ಮರಳುವದು. ವರ್ಷಕ್ಕೊಮ್ಮೆ ದೇವಿಗೆ ಸಂತೋಷದಿಂದ ಬಿಟ್ಟುಕೊಟ್ಟ ಆ ದಾರಿಯನ್ನು ನಮ್ಮ ಕಾರು ದಿನಾಲು ಕೇಳದೆಯೇ ತೆಗೆದುಕೊಳ್ಳುತ್ತದೆ. ಆದಕಾರಣ ಕಾರನ್ನು ಕೊಳ್ಳುವ ಮುಂಚೆ ಗೃಹಸ್ಥನು ತನ್ನ ಬಾಗಿಲನ್ನೊಮ್ಮೆ ಅಳೆಯಲಿ. ಬಾಗಿಲು ಸಾಲದಿದ್ದರೆ ಕಾರಿನ ಅಳತೆಯನ್ನು ಕಡಮೆ ಮಾಡಿಕೊಳ್ಳಲಿ. ಓಣಿಯು ಅವನ ಅಂಗಳವಲ್ಲ.