ಸ್ವಪ್ನದ ನ್ಯಾಯಾಸನ

ಮನುಷ್ಯನು ಹಗಲಿನಲ್ಲಿ ಲೋಕದ ಕಣ್ಣಿಗೆ ಅಂಜಿ ನಡೆಯುತ್ತಾನೆ. ಇರುಳಿನಲ್ಲಿ ತನಗೆ ತಾನೇ ಅಂಜುತ್ತಾನೆ. ಎಂದೂ ಕೋರ್ಟಿನ ಮೆಟ್ಟಿಲು ಹತ್ತದ ಸದ್ಗೃಹಸ್ಥನೂ ಒಮ್ಮೊಮ್ಮೆ ಕನಸಿನಲ್ಲಿ ಕಟಕಟೆಯೊಳಗೆ ನಿಂತಿರುತ್ತಾನೆ. ಎದುರಿಗೆ ಎತ್ತರದ ಪೀಠ. ಅದರ ಮೇಲೆ ಮುಖ ಸ್ಪಷ್ಟವಾಗಿ ಕಾಣದ ನ್ಯಾಯಾಧೀಶ. ಹೆಸರು ಕೂಗುತ್ತಾರೆ, ಬಾಯಿ ತೆರೆದರೆ ಮಾತು ಹೊರಡದು. ಆರೋಪವೇನೆಂದು ಯಾರೂ ಹೇಳರು. ಅಷ್ಟರಲ್ಲಿ ಎಚ್ಚರವಾಗುತ್ತದೆ. ಕಡೆಯ ಲೋಕಲಿನಲ್ಲಿ ಡೊಂಬಿವಲಿಗೆ ಬಂದಿಳಿದು, ಬೆಳಗಿನ ಗಾಡಿಗೆ ಮತ್ತೆ ಏಳಬೇಕಾದವನ ತುಂಡು ನಿದ್ರೆಯಲ್ಲಿ ಇಂಥ ಕನಸು ಬಿದ್ದರೆ ದಿನವಿಡೀ ಎದೆಯ ಮೇಲೊಂದು ಭಾರ. ಇದು ಬರಲಿರುವ ಕೇಡಿನ ಸೂಚನೆಯೇ? ಕೇವಲ ಅಜೀರ್ಣದ ವಿಕಾರವೇ? ಅಥವಾ ನಿಜವಾಗಿಯೂ ಯಾರೋ ಕೊಟ್ಟ ತೀರ್ಪೇ?

ಸ್ವಪ್ನವನ್ನು ಕುರಿತು ನಮ್ಮ ಶಾಸ್ತ್ರಗಳು ಆಳವಾಗಿ ಚಿಂತಿಸಿವೆ. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮಹರ್ಷಿಯು ಜನಕರಾಜನಿಗೆ ಈ ವಿಷಯವನ್ನು ಉಪದೇಶಿಸುತ್ತಾನೆ. ಸ್ವಪ್ನದಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳಿಲ್ಲ. ಇವೆಲ್ಲವನ್ನೂ ಕನಸು ಕಾಣುವವನೇ ನಿರ್ಮಿಸಿಕೊಳ್ಳುತ್ತಾನೆ ಎಂಬುದು ಅದರ ಸಾರ. ಹಾಗಾದರೆ ಕನಸಿನ ನ್ಯಾಯಾಲಯವನ್ನು ಕಟ್ಟಿದವನಾರು? ಅವನೇ. ವಾದಿಯೂ ಪ್ರತಿವಾದಿಯೂ, ಕೂಗುವ ಜವಾನನೂ, ಪೀಠದ ಮೇಲಿನ ನ್ಯಾಯಮೂರ್ತಿಯೂ ಅವನ ಮನಸ್ಸೇ. ಬ್ರಹ್ಮಸೂತ್ರವು ಸ್ವಪ್ನವನ್ನು ಸೂಚಕವೆಂದು ಒಪ್ಪುತ್ತದೆ. ಆದರೆ ಸೂಚಿತವಾದ ವಸ್ತು ಸತ್ಯವಾದರೂ ಸೂಚಿಸುವ ಸ್ವಪ್ನವು ಮಿಥ್ಯೆಯೇ ಎಂದು ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ವಿವೇಚಿಸಿದ್ದಾರೆ. ಆದ್ದರಿಂದ ಆ ಕನಸಿನ ನ್ಯಾಯಾಧೀಶನನ್ನು ಪರಮಾತ್ಮನೆಂದು ಭ್ರಮಿಸಬೇಕಾಗಿಲ್ಲ. ಅವನು ಯಾವುದನ್ನು ಬೆರಳಿಟ್ಟು ತೋರಿಸುತ್ತಿದ್ದಾನೆಂದು ವಿಚಾರಿಸದೆ ಬಿಡಲೂ ಬಾರದು.

ಈ ವಿಚಾರಣೆಯ ಕ್ರಮವನ್ನು ತಿಳಿಯಲು ಯಾಜ್ಞವಲ್ಕ್ಯನ ಹೆಸರಿನಲ್ಲೇ ಇರುವ ಸ್ಮೃತಿಯ ಕಡೆಗೆ ತಿರುಗಬಹುದು. ಡೊಂಬಿವಲಿಯ ಜನ ದಾವೆಯ ಕೆಲಸಕ್ಕಾಗಿ ಪಕ್ಕದ ಕಲ್ಯಾಣದ ಕೋರ್ಟಿಗೆ ಹೋಗುತ್ತಾರೆ. ಕನ್ನಡಿಗರ ನೆನಪಿನಲ್ಲಿ ಇನ್ನೊಂದು ಕಲ್ಯಾಣವುಂಟು. ಅದು ಬೀದರ ಜಿಲ್ಲೆಯ ಬಸವಕಲ್ಯಾಣ. 1076ರಿಂದ 1126ರ ತನಕ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ್ದು ಅಲ್ಲಿಯೇ. ಅದರಂತೆ ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ನಾಲ್ಕು ಪಾದಗಳು: ಭಾಷಾಪಾದ, ಉತ್ತರಪಾದ, ಕ್ರಿಯಾಪಾದ, ಸಾಧ್ಯಸಿದ್ಧಿಪಾದ. ಮೊದಲು ದೂರು, ಬಳಿಕ ಪ್ರತಿವಾದಿಯ ಉತ್ತರ, ಆಮೇಲೆ ಸಾಕ್ಷಿ-ಪ್ರಮಾಣ, ಕಡೆಯಲ್ಲಿ ನಿರ್ಣಯ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಕನಸಿನ ಕೋರ್ಟಿನ ಕೊರತೆ ಎದ್ದು ಕಾಣುತ್ತದೆ. ಅಲ್ಲಿ ದೂರು ಅಸ್ಪಷ್ಟ, ಉತ್ತರಕ್ಕೆ ನಾಲಗೆಯಿಲ್ಲ, ಪ್ರಮಾಣಕ್ಕೆ ಎಡೆಯಿಲ್ಲ. ಒಂಟಿ ಕಾಲಿನ ಮೇಲೆ ನಿಂತ ನ್ಯಾಯವು ನ್ಯಾಯವಲ್ಲ. ಆದಕಾರಣ ಕನಸು ತೀರ್ಪಲ್ಲ. ಅದು ಹೆಚ್ಚೆಂದರೆ ಒಂದು ದೂರು. ಉಳಿದ ಮೂರು ಪಾದಗಳನ್ನು ಎಚ್ಚರದಲ್ಲಿ ನಡೆಸಬೇಕಾದವನು ಮನುಷ್ಯನೇ.

ಈ ದೂರು ಎಂಥದಿರಬಹುದು? ಊರನ್ನು ಬಿಟ್ಟು ಮುಂಬಯಿಯ ಆಸುಪಾಸಿನಲ್ಲಿ ನೆಲೆಸಿದ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ತಂದೆಯ ಕಾಲಾನಂತರ ಊರಿನ ಹೊಲವನ್ನು ಮಾರಿ ಡೊಂಬಿವಲಿಯಲ್ಲಿ ಮನೆ ಕೊಂಡವನು. ಮಾರುವ ಮುನ್ನ ತಂಗಿಯನ್ನು ಕರೆಸಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದ್ದಾನೆ. ಅರಿಸಿನ ಕುಂಕುಮವೆಂದು ಒಂದು ಸೀರೆ ಕೊಟ್ಟು ಕಳುಹಿಸಿದ್ದಾನೆ. ಮಿತಾಕ್ಷರಾ ಪದ್ಧತಿಯು ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಹಕ್ಕನ್ನು ಗಂಡುಮಕ್ಕಳಿಗಷ್ಟೇ ಕೊಟ್ಟಿತ್ತು. 1994ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳೂ, 2005ರಲ್ಲಿ ಕೇಂದ್ರದ ತಿದ್ದುಪಡಿಯೂ ಅದನ್ನು ಹೆಣ್ಣುಮಕ್ಕಳಿಗೆ ವಿಸ್ತರಿಸಿದವು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ತಂಗಿ ತಾನಾಗಿ ಸಹಿ ಮಾಡಿದ್ದಾಳೆ, ಪತ್ರ ನೋಂದಣಿಯಾಗಿದೆ, ಕಾನೂನು ಅವನನ್ನು ಕೇಳದು. ಕೇಳುವುದು ಆ ಸಹಿ ಹಾಕುವಾಗ ತಂಗಿ ಒಂದು ಗಳಿಗೆ ತಡೆದು ಅಣ್ಣನ ಮುಖ ನೋಡಿದ ನೆನಪು. ಆ ನೋಟಕ್ಕೆ ಹಗಲಿನಲ್ಲಿ ಪುರುಸೊತ್ತು ಸಿಗಲಿಲ್ಲ. ಆದ್ದರಿಂದ ಅದು ಇರುಳಿನಲ್ಲಿ ಕಪ್ಪು ಕೋಟು ತೊಟ್ಟು ಬಂದಿತು.

ಹಾಗೆಂದು ಇಂಥ ಕನಸು ಕಂಡವರೆಲ್ಲರೂ ಅಪರಾಧಿಗಳೆಂದು ತಿಳಿಯುವುದು ದೊಡ್ಡ ತಪ್ಪಾದೀತು. ಪರೀಕ್ಷೆಯ ಭಯದ ಕನಸುಗಳು ತೇರ್ಗಡೆಯಾದವರಿಗೇ ಬೀಳುತ್ತವೆಂಬ ವಿಚಿತ್ರವನ್ನು ವಿಯೆನ್ನಾದ ಫ್ರಾಯ್ಡ್ ತನ್ನ ಸ್ವಪ್ನಗ್ರಂಥದಲ್ಲಿ ಚರ್ಚಿಸಿದ್ದಾನೆ. ಹೊಣೆಯರಿತವನನ್ನೇ ಮನಸ್ಸು ಹೆಚ್ಚಾಗಿ ಕಾಡುತ್ತದೆ. ವರ್ಷಗಟ್ಟಲೆ ಅತ್ತೆಯ ಸೇವೆ ಮಾಡಿದ ಸೊಸೆ ಕಡೆಯ ಗಳಿಗೆಯಲ್ಲಿ ಬಳಿಯಲ್ಲಿರಲಿಲ್ಲವೆಂದು ಕನಸಿನಲ್ಲಿ ಕೈಕಟ್ಟಿ ನಿಲ್ಲುತ್ತಾಳೆ. ಅಲ್ಲಿನ ನ್ಯಾಯಾಧೀಶನ ಮುಖ ಕೆಲವೊಮ್ಮೆ ಬಾಲ್ಯದಲ್ಲಿ ಗದರಿಸಿದ ಹಿರಿಯರದಾಗಿರುತ್ತದೆ.

ಇಂಥವರು ಮಹಾಭಾರತದ ಆದಿಪರ್ವದ ಮಾಂಡವ್ಯನನ್ನು ನೆನೆಯಬೇಕು. ಮೌನವ್ರತದಲ್ಲಿದ್ದ ಆ ಋಷಿಯ ಆಶ್ರಮದಲ್ಲಿ ಕಳ್ಳರು ಅಡಗಿದರು; ರಾಜಭಟರು ಅವನನ್ನೂ ಕಳ್ಳನೆಂದು ಬಗೆದು ಶೂಲಕ್ಕೇರಿಸಿದರು. ತಪೋಬಲದಿಂದ ಬದುಕುಳಿದ ಮಾಂಡವ್ಯನು ಧರ್ಮದೇವತೆಯ ಸಭೆಗೇ ಹೋಗಿ, ತಾನು ಮಾಡಿದ ಪಾಪವೇನೆಂದು ಕೇಳಿದನು. ಬಾಲ್ಯದಲ್ಲಿ ಹುಳುಗಳನ್ನು ಹುಲ್ಲುಕಡ್ಡಿಯಿಂದ ಚುಚ್ಚಿದ್ದೆ ಎಂಬ ಉತ್ತರ ಬಂದಿತು. ಅಲ್ಪ ದೋಷಕ್ಕೆ ಇಷ್ಟು ಘೋರ ದಂಡನೆಯೇ ಎಂದು ಕೆರಳಿದ ಋಷಿಯು ಹದಿನಾಲ್ಕು ವರ್ಷದೊಳಗಿನವರ ಕೃತ್ಯ ಪಾಪವಾಗದೆಂದು ವಿಧಿಸಿ, ಧರ್ಮನನ್ನೇ ಶಪಿಸಿದನು. ಆ ಶಾಪದಿಂದ ಧರ್ಮನು ದಾಸಿಯ ಗರ್ಭದಲ್ಲಿ ವಿದುರನಾಗಿ ಹುಟ್ಟಿದನು. ಅಳತೆ ಮೀರಿ ದಂಡಿಸಿದಾಗ ನ್ಯಾಯಾಸನವೂ ವಿಚಾರಣೆಗೆ ಒಳಪಡಬೇಕಾದುದೇ ಎಂಬುದು ಈ ಕಥೆಯ ಮರ್ಮ. ತನ್ನನ್ನು ತಾನು ದಂಡಿಸಿಕೊಳ್ಳುವವನಿಗೂ ಈ ಮಿತಿ ಅನ್ವಯಿಸುತ್ತದೆ.

ಎಚ್ಚರಗೊಂಡವನ ಕರ್ತವ್ಯ ಇಷ್ಟೇ. ದೂರನ್ನು ಸ್ಪಷ್ಟವಾದ ಮಾತಿನಲ್ಲಿ ಹೇಳಿಕೊಳ್ಳಬೇಕು; ತನ್ನ ಉತ್ತರವನ್ನು ಪ್ರಾಮಾಣಿಕವಾಗಿ ಕೊಡಬೇಕು; ನಿಜವಾಗಿ ನಡೆದುದೇನೆಂಬ ಪ್ರಮಾಣವನ್ನು ಪರಿಶೀಲಿಸಬೇಕು. ಋಣವಿಲ್ಲವೆಂದು ತಿಳಿದರೆ ದಾವೆಯನ್ನು ವಜಾ ಮಾಡಿ ನೆಮ್ಮದಿಯಿಂದ ಮಲಗಬೇಕು. ಋಣವಿದೆಯೆಂದು ತಿಳಿದರೆ ಕನಸಿನ ಫಲ ಕೇಳಲು ಜ್ಯೋತಿಷಿಯ ಬಾಗಿಲಿಗೆ ಹೋಗುವುದರಿಂದಾಗಲಿ, ಶಾಂತಿ ಮಾಡಿಸುವುದರಿಂದಾಗಲಿ ಅದು ತೀರದು. ತಂಗಿಯ ಮನೆಯ ಬಾಗಿಲು ತಟ್ಟಬೇಕು. ಅವಳ ಪಾಲನ್ನು ಪಾಲೆಂದೇ ಹೇಳಿ ಕೊಡಬೇಕು. ಉಡುಗೊರೆಯೆಂದು ಕೊಟ್ಟರೆ ಋಣ ಹಾಗೆಯೇ ಉಳಿಯುತ್ತದೆ.

ನವರಾತ್ರಿಯ ದಿನಗಳಲ್ಲಿ ಪಾರಾಯಣ ಮಾಡುವ ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಸರ್ವಭೂತಗಳಲ್ಲಿಯೂ ನೆಲೆಸಿದವಳೆಂದು ಸ್ತುತಿಸುತ್ತಾರೆ. ನಿದ್ರೆಯೂ ಅವಳ ರೂಪ. ಲಜ್ಜೆಯೂ ಸ್ಮೃತಿಯೂ ಅವಳ ರೂಪ. ಭ್ರಾಂತಿಯೂ ಅವಳ ರೂಪವೇ. ಅದೇ ಸ್ತುತಿಯಲ್ಲಿ ಕ್ಷಾಂತಿ, ದಯೆ, ಮಾತೃತ್ವಗಳೂ ಅವಳ ರೂಪಗಳೆಂದು ಬಂದಿವೆ. ನಿದ್ರೆಯಲ್ಲಿ ಲಜ್ಜೆಯಾಗಿ ಎಬ್ಬಿಸುವವಳೂ ಎಚ್ಚರದಲ್ಲಿ ಕ್ಷಮೆಯಾಗಿ ಕೈಹಿಡಿಯುವವಳೂ ಒಬ್ಬಳೇ ತಾಯಿ. ಕೊಡಬೇಕಾದುದನ್ನು ಕೊಟ್ಟು ವಿಜಯದಶಮಿಯಂದು ಬನ್ನಿಯನ್ನು ಹಂಚಿಕೊಳ್ಳುವ ಕೈ ಹಗುರವಾಗಿರುತ್ತದೆ. ಆ ಹಗುರವನ್ನು ಜಗದಂಬೆಯು ಸರ್ವರಿಗೂ ಕರುಣಿಸಲಿ.