ಅಪ್ಪ ಯಾರು ಎಂಬ ಪ್ರಶ್ನೆ

ಮಳೆ ಕೈಕೊಟ್ಟ ವರ್ಷ ನಮ್ಮ ಕೆಲವು ಊರುಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರೆ. ಒಂದು ಗಂಡು, ಒಂದು ಹೆಣ್ಣು, ಅರಿಶಿನ, ಕುಂಕುಮ. ಆದರೆ ಎಷ್ಟೋ ಕಪ್ಪೆಗಳ ನಿಜವಾದ ಸಂಸಾರ ಈ ಚಪ್ಪರದೊಳಗೆ ಹಿಡಿಸುವಂಥದ್ದಲ್ಲ.

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ನೊರೆಗೂಡಿನ ಮರಗಪ್ಪೆಯನ್ನೇ ನೋಡಿ. ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಕೂತು ಹೆಣ್ಣು ತನ್ನ ಮೈಯಿಂದ ಒಸರುವ ದ್ರವವನ್ನು ಹಿಂಗಾಲುಗಳಿಂದ ಕಡೆದು, ಆ ನೊರೆಯೊಳಗೆ ಮೊಟ್ಟೆಯಿಡುತ್ತದೆ. ಅದರ ಬೆನ್ನ ಮೇಲೊಂದು ಗಂಡು. ಸುತ್ತ ಒತ್ತಿಕೊಂಡ ಇನ್ನೂ ಹಲವು ಗಂಡುಗಳು ಅದೇ ನೊರೆಗೆ ವೀರ್ಯ ಬಿಡುತ್ತವೆ. ಹೀಗೆ ಒಂದೇ ಗೂಡಿನ ಮರಿಗಳಿಗೆ ಹಲವು ಅಪ್ಪಂದಿರು. ಇಂಥ ಗೂಡಿನ ಮರಿಗಳು ಬದುಕಿ ಉಳಿಯುವುದು ಹೆಚ್ಚು ಎಂದು 2011ರ ಒಂದು ಅಧ್ಯಯನ ತೋರಿಸಿತು.

ಪಿರೆನೀಸ್ ಬೆಟ್ಟಗಳ ಕಪ್ಪೆಗಳದು ಇನ್ನೊಂದು ಬಗೆ. ಜೋಡಿ ಮೊಟ್ಟೆಯಿಟ್ಟು ಹೋದ ಮೇಲೆ ಬೇರೆ ಗಂಡುಗಳು ಬಂದು, ಆ ಮೊಟ್ಟೆಯ ಮುದ್ದೆಯನ್ನೇ ಅಪ್ಪಿಕೊಂಡು, ಫಲಿಸದೆ ಉಳಿದ ಮೊಟ್ಟೆಗಳಿಗೆ ಜೀವ ಕೊಡುತ್ತವೆ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದ ವಿಜ್ಞಾನಿಗಳು ಅವನ್ನು ಕರೆದದ್ದು ಕಡಲ್ಗಳ್ಳರೆಂದು! ನನ್ನನ್ನು ಕಾಡುವುದು ಈ ಮಾತು. ಕಳ್ಳತನವಾಗಬೇಕಾದರೆ ಮೊದಲು ಒಡೆತನ ಇರಬೇಕು. ಆ ಕೊಳದಲ್ಲಿ ಒಡೆಯ ಯಾರು? ಒಡೆತನದ ಕಲ್ಪನೆ ಅಲ್ಲಿಗೆ ಹೋದದ್ದು ನಮ್ಮ ಜೊತೆಯಲ್ಲೇ.

ಹಾಗೆಂದು ಕಪ್ಪೆಗಳಿಂದ ನಾವು ನೀತಿ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. 'ಪ್ರಕೃತಿಯಲ್ಲಿದೆ, ಆದ್ದರಿಂದ ಸರಿ' ಎನ್ನುವುದು ಎಷ್ಟು ಪೊಳ್ಳೋ, 'ಛೀ, ಪ್ರಾಣಿಗಳ ಹಾಗೆ' ಎನ್ನುವುದೂ ಅಷ್ಟೇ ಪೊಳ್ಳು. ಮಾತು ಕೊಡುವ, ಮಾತಿಗೆ ತಪ್ಪುವ ಕಷ್ಟ ಕಪ್ಪೆಗಿಲ್ಲ, ನಮಗಿದೆ. ಆದರೆ ಒಂದು ಸಂಗತಿಯನ್ನು ಕಪ್ಪೆ ಸ್ಪಷ್ಟಪಡಿಸುತ್ತದೆ: ಬೀಜ ಯಾರದು ಎಂಬುದಕ್ಕೂ ಮರಿಯ ಬೆಲೆಗೂ ಸಂಬಂಧವಿಲ್ಲ. ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂದು ನಮ್ಮ ಧರ್ಮಶಾಸ್ತ್ರಗಳು ಚರ್ಚಿಸಿದವು. ಆ ಚರ್ಚೆಯಲ್ಲಿ ಮಗುವನ್ನು ಕೇಳಿದವರಿಲ್ಲ. ಕರ್ಣ ಬದುಕಿಡೀ ತೆತ್ತದ್ದು ತಾನು ಮಾಡದ ಸಾಲವನ್ನು.

ನಮ್ಮ ಪಶ್ಚಿಮ ಘಟ್ಟದಲ್ಲಿ ಕುಂಬಾರ ಕಪ್ಪೆಯಿದೆ. 2014ರಲ್ಲಿ ವಿಜ್ಞಾನ ಅದಕ್ಕೆ ಈ ಹೆಸರಿಟ್ಟಿತು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತೊರೆಯ ಕೆಸರನ್ನು ಮುಂಗೈಗಳಲ್ಲಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದನ್ನು ಪ್ರೀತಿ ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಆದರೆ ಮನುಷ್ಯರಲ್ಲಿ ಅಪ್ಪ ಎಂಬ ಪದಕ್ಕೆ ಅರ್ಥ ಹುಡುಕುವಾಗ ನನಗೆ ಬೀಜಕ್ಕಿಂತ ಆ ಕೆಸರು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಾಲೆಯ ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಜಾಗದ ಮುಂದೆ ಪೆನ್ನು ತಡೆದು ನಿಲ್ಲುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರನ್ನು ನಾವು ಕೇಳಬೇಕಾದ ಪ್ರಶ್ನೆ ಒಂದೇ: ನಿನ್ನನ್ನು ನೋಡಿಕೊಳ್ಳುವವರು ಯಾರು, ಮಗು?